ಪಾಸ್‌ವರ್ಡ್, ಗೂಗಲ್, ಓಟಿಪಿ ಮೂರಕ್ಕೂ ಪಾಸ್‌ಪೋರ್ಟ್ ಲೈಬ್ರರಿ ಸಾಕೇ, ಸ್ವಂತ ಕೋಡ್ ಬರೆಯಲೇ?

ಮೇಲಿರುವುದು ನೀವು ಇಲ್ಲಿ ಕೇಳಿದ ಪ್ರಶ್ನೆ. ಪಾಸ್‌ಪೋರ್ಟ್ ಎಂದರೆ ಆ್ಯಪಿಗೆ ಲಾಗಿನ್ ಜೋಡಿಸಲು ಸಿಗುವ ಸಿದ್ಧ ಕೋಡು. ನೀವು ಪುಣೆಯವರು, ನೋಡ್‌ನಲ್ಲಿ (ಸರ್ವರಿನಲ್ಲಿ ಜಾವಾಸ್ಕ್ರಿಪ್ಟ್ ಓಡಿಸುವ ವ್ಯವಸ್ಥೆ) ಆ್ಯಪ್ ಕಟ್ಟಿದ್ದೀರಿ, ಪಾಸ್‌ವರ್ಡ್ ಲಾಗಿನ್ ಆಗಲೇ ಓಡುತ್ತಿದೆ, ಮುಂದಿನ ವಾರ ಗೂಗಲ್ ಬಟನ್ ಬರಬೇಕು, ಆಮೇಲೆ ಓಟಿಪಿ. ಇದನ್ನು ಓದುತ್ತಿದ್ದಂತೆ ಎದೆ ಧಸಕ್ಕೆಂದಿತು. 2022ರಲ್ಲಿ ನಾನು ನಿಂತಿದ್ದ ಜಾಗವೇ ಇದು. ಲೈಬ್ರರಿಯ ಮಾತು ಆಮೇಲೆ ಆಡೋಣ, ಮೊದಲು ನನ್ನ ಕೈಯಿಂದ ಏನಾಯಿತು ಹೇಳಿಬಿಡುತ್ತೇನೆ.

ನಾನಾಗ ಡೊಂಬಿವಲಿಯಿಂದ ಲೋಕಲ್ ಹತ್ತಿ, ಘಾಟ್ಕೋಪರಿನಲ್ಲಿ ಇಳಿದು, ಮೆಟ್ರೊ ಹಿಡಿದು ಅಂಧೇರಿಯ ಒಂದು ಸಣ್ಣ ಕಂಪನಿಗೆ ಹೋಗುತ್ತಿದ್ದೆ. ಮುಂಬಯಿಯ ಹೋಟೆಲುಗಳು ವಾಶಿ ಮಾರುಕಟ್ಟೆಯ ವ್ಯಾಪಾರಿಗಳಿಂದ ಅಕ್ಕಿ, ಬೇಳೆ, ಎಣ್ಣೆ, ತೆಂಗಿನಕಾಯಿ ತರಿಸಿಕೊಳ್ಳುವ ಆ್ಯಪ್ ಅದು. ಗಿರಾಕಿಗಳಲ್ಲಿ ಅರ್ಧಕ್ಕರ್ಧ ನಮ್ಮ ಕಡೆಯವರೇ, ಕುಂದಾಪುರ, ಬೈಂದೂರು, ಕಾರ್ಕಳದವರು. ಲಾಗಿನ್ ಭಾಗ ಪೂರ್ತಿ ನನ್ನದು. ಪಾಸ್‌ಪೋರ್ಟ್ ಹಾಕಿ, ಅದರ ಲೋಕಲ್ ಸ್ಟ್ರಾಟಜಿ, ಅಂದರೆ ಪಾಸ್‌ವರ್ಡ್ ತಪಾಸಣೆಯ ತುಂಡು, ಜೋಡಿಸಿ, 2021ರಲ್ಲಿ ಇಮೇಲ್-ಪಾಸ್‌ವರ್ಡ್ ಲಾಗಿನ್ ಬಿಟ್ಟೆವು. ಹೊಸಬರು ಸೇರುವಾಗ ಅವರ ಇಮೇಲಿಗೆ ಲಿಂಕ್ ಕಳಿಸಿ ಖಾತ್ರಿ ಮಾಡಿಕೊಳ್ಳುವ ಹಂತವನ್ನು ನಾನೇ ಕೈಬಿಟ್ಟೆ. ಹೋಟೆಲಿನವರು ಮೇಲ್ ತೆರೆದು ನೋಡುವುದಿಲ್ಲ, ಅರ್ಧದಲ್ಲೇ ಬಿಟ್ಟು ಹೋಗುತ್ತಾರೆ ಎಂದು ಮೀಟಿಂಗಿನಲ್ಲಿ ವಾದಿಸಿದವನೂ ನಾನೇ.

ಮಾಟುಂಗಾದ ಒಂದು ಹೋಟೆಲಿನ ಮ್ಯಾನೇಜರ್ ಹೀಗೆ ಸೇರಿಕೊಂಡರು. ನನಗಿಂತ ತುಂಬ ಹಿರಿಯರು. ಬೈಂದೂರಿನ ಕಡೆಯಿಂದ ಹುಡುಗನಾಗಿದ್ದಾಗ ಬಂದು, ಟೇಬಲ್ ಒರೆಸಿ, ರಾತ್ರಿ ಶಾಲೆಯಲ್ಲಿ ಹತ್ತನೇ ತರಗತಿ ಮುಗಿಸಿ ಗಲ್ಲಾದ ತನಕ ಬಂದವರು. ಆ್ಯಪ್ ಇಮೇಲ್ ಕೇಳಿತು. ಅವರಿಗೆ ಸ್ವಂತದ್ದು ಇರಲಿಲ್ಲ. ಬಿಲ್ ಪುಸ್ತಕದ ಮೇಲೆ ಯಜಮಾನರ ಜಿಮೇಲ್ ಅಚ್ಚಾಗಿತ್ತು, ಅದನ್ನೇ ನೋಡಿ ಟೈಪ್ ಮಾಡಿದರು. ಪಾಸ್‌ವರ್ಡ್ ಮಾತ್ರ ತಮ್ಮದು ಹಾಕಿದರು. ಯಾರೂ ತಪ್ಪು ಮಾಡಲಿಲ್ಲ. ವರ್ಷವಿಡೀ ಆರ್ಡರುಗಳು ಅವರ ಫೋನಿನಿಂದಲೇ ಹೋದವು.

ಮರುವರ್ಷ ಗೂಗಲ್ ಬಟನ್ ಸೇರಿಸಿದೆ. ಪಾಸ್‌ಪೋರ್ಟಿನಲ್ಲಿ ಅದು ಅರ್ಧ ದಿನದ ಕೆಲಸ: ಗೂಗಲ್ ಸ್ಟ್ರಾಟಜಿ ಇನ್‌ಸ್ಟಾಲ್ ಮಾಡುವುದು, ಕ್ಲೈಂಟ್ ಐಡಿ (ಗೂಗಲ್ ನಮ್ಮ ಆ್ಯಪಿಗೆ ಕೊಟ್ಟ ಗುರುತು) ಕೊಡುವುದು, ವೆರಿಫೈ ಕಾಲ್‌ಬ್ಯಾಕ್ (ಗೂಗಲ್ ಉತ್ತರ ಕೊಟ್ಟ ಮೇಲೆ ಪಾಸ್‌ಪೋರ್ಟ್ ಕರೆಯುವ ನಮ್ಮ ಕೋಡು) ಬರೆಯುವುದು. ಆ ಕಾಲ್‌ಬ್ಯಾಕಿನೊಳಗೆ ನಾನು ಬರೆದದ್ದು ಇಷ್ಟೇ. ಗೂಗಲ್ ಕೊಟ್ಟ ಪ್ರೊಫೈಲಿನಿಂದ ಇಮೇಲ್ ತೆಗೆದುಕೊ. ಯೂಸರ್ ಟೇಬಲಿನಲ್ಲಿ, ಅಂದರೆ ಒಬ್ಬೊಬ್ಬ ಬಳಕೆದಾರರಿಗೆ ಒಂದೊಂದು ಸಾಲಿರುವ ಪಟ್ಟಿಯಲ್ಲಿ, ಆ ಇಮೇಲ್ ಹುಡುಕು. ಸಿಕ್ಕಿದರೆ ಆ ಸಾಲಿಗೇ ಗೂಗಲ್ ಐಡಿ ಬರೆದು ಒಳಗೆ ಬಿಡು. ಸಿಗದಿದ್ದರೆ ಹೊಸ ಸಾಲು ಸೇರಿಸು. ನೀವೂ ಇದನ್ನೇ ಬರೆಯಲಿದ್ದೀರಿ ಎಂದು ನನಗೆ ಬಹುತೇಕ ಖಾತ್ರಿ, ಏಕೆಂದರೆ ಸಹಜವಾಗಿ ತೋಚುವುದೇ ಇದು.

ಯಜಮಾನರ ಮಗ ಅಪ್ಪನ ಫೋನಿಗೆ ಆ್ಯಪ್ ಹಾಕಿ ಗೂಗಲ್ ಬಟನ್ ಒತ್ತಿದ. ಹಳೆಯ ಆರ್ಡರುಗಳೆಲ್ಲ ಕಣ್ಣೆದುರು ಬಂದವು. ಅವರಿಗೆ ಖುಷಿ, ನನಗೆ ಹೆಮ್ಮೆ.

ಕೆಲವು ತಿಂಗಳ ನಂತರ ಆ ಮ್ಯಾನೇಜರ್ ಮಾಟುಂಗಾ ಬಿಟ್ಟು ಘಾಟ್ಕೋಪರಿನ ಬೇರೆ ಹೋಟೆಲಿಗೆ ಸೇರಿದರು. ಯಜಮಾನರು ಹುಷಾರಿನವರು, ತಮ್ಮ ಜಿಮೇಲಿನ ಪಾಸ್‌ವರ್ಡ್ ಬದಲಿಸಿಬಿಟ್ಟರು. ಇನ್ನು ಖಾತೆ ತನ್ನೊಬ್ಬನ ಕೈಯಲ್ಲೇ ಇದೆ ಅಂದುಕೊಂಡರು. ಗಣೇಶ ಚೌತಿಯ ವಾರ ಬೆಳಿಗ್ಗೆ ಆರಕ್ಕೆ ಹೋಟೆಲಿನ ಮುಂದೆ ಟೆಂಪೊ ನಿಂತಿತು. ಐದು ಮೂಟೆ ಇಡ್ಲಿ ಅಕ್ಕಿ, ಹತ್ತು ಡಬ್ಬ ಎಣ್ಣೆ ಇಳಿಯಿತು. ಅವರು ಯಾರೂ ಆರ್ಡರ್ ಮಾಡಿರಲಿಲ್ಲ. ಬಿಲ್ಲು ಅವರ ಉದ್ರಿ ಖಾತೆಗೇ ಬಿದ್ದಿತ್ತು. ಏಳು ಗಂಟೆಗೆ ನನಗೆ ಫೋನು: "ಎಂತ ಮಾರಾಯಾ ಇದ್? ನಾನ್ ಆರ್ಡರ್ ಮಾಡ್ಲಿಲ್ಲೆ, ನನ್ನ ಮಗ ಮಾಡ್ಲಿಲ್ಲೆ, ಮತ್ಯಾರ್ ಮಾಡಿದ್?"

ಲಾಗ್ ತೆಗೆದು ನೋಡಿದೆ. ಮ್ಯಾನೇಜರರ ಹಳೆಯ ಫೋನು. ಅವರ ಪಾಲಿಗೆ ಆ್ಯಪ್ ಎಂದರೆ ಫೋನಿನಲ್ಲಿರುವ ಒಂದು ಅಂಗಡಿ, ಅಷ್ಟೇ. ಹೊಸ ಹೋಟೆಲಿಗೆ ಸಾಮಾನು ಬೇಕಾಯಿತು, ತೆರೆದರು, ಒಳಗೇ ಇದ್ದರು, ಆರ್ಡರ್ ಹಾಕಿದರು. ಅದರ ಜೊತೆಗೆ ಹಳೆಯ ಯಜಮಾನರ ದರ, ಬಾಕಿ, ಯಾವ ವ್ಯಾಪಾರಿ ಎಷ್ಟು ರಿಯಾಯಿತಿ ಕೊಡುತ್ತಾನೆ ಎಂಬುದೆಲ್ಲ ಅಷ್ಟು ದಿನವೂ ಅವರಿಗೆ ಕಾಣುತ್ತಿತ್ತು. ಯಜಮಾನರು ಇದನ್ನು ಕಳ್ಳತನ ಎಂದರು, ಘಾಟ್ಕೋಪರಿನ ಹೋಟೆಲಿಗೂ ಫೋನ್ ಮಾಡಿ ಹೇಳಿದರು. ಮೂರೇ ದಿನಕ್ಕೆ ಮ್ಯಾನೇಜರರ ಕೆಲಸ ಹೋಯಿತು. ನಾನು ಇಬ್ಬರಿಗೂ ವಿವರಿಸುವ ಹೊತ್ತಿಗೆ ಅವರು ಊರಿಗೆ ರೈಲು ಹತ್ತಿದ್ದರು. ಆ ಸಾಮಾನಿನ ದುಡ್ಡನ್ನು ಕಂಪನಿ ತುಂಬಿಕೊಟ್ಟಿತು. ಅವರ ಕೆಲಸವನ್ನು ತುಂಬಿಕೊಡಲು ನನ್ನಿಂದ ಆಗಲಿಲ್ಲ.

ಈಗ ತಪ್ಪು ಎಲ್ಲಿತ್ತು ಎಂಬುದನ್ನು ಬಿಡಿಸಿ ಹೇಳುತ್ತೇನೆ. ಉದ್ದವಾದರೂ ಓದಿ. ನಾನು ಗೂಗಲ್‌ನಿಂದ ಬರುವ "ಇಮೇಲ್ ವೆರಿಫೈಡ್" ಗುರುತನ್ನು ತಪ್ಪದೆ ನೋಡುತ್ತಿದ್ದೆ. ಅದು ನಿಜ ಎಂದಿದ್ದರೆ ಮಾತ್ರ ಮುಂದೆ ಬಿಡುತ್ತಿದ್ದೆ. ಅದರಿಂದಲೇ ನಿಶ್ಚಿಂತೆಯಾಗಿದ್ದೆ. ಆದರೆ ಆ ಗುರುತು ಹೇಳುವುದು ಗೂಗಲ್ ಮೂಲಕ ಈಗ ಬಂದವರ ಬಗ್ಗೆ. ನನ್ನ ಟೇಬಲಿನಲ್ಲಿ ಮೊದಲೇ ಕೂತಿದ್ದ ಸಾಲಿನ ಇಮೇಲನ್ನು ಖಾತ್ರಿ ಮಾಡಿದವರು ಯಾರು? ಯಾರೂ ಇಲ್ಲ. ಅಂದರೆ ಬಂದವರು ಅಸಲಿ, ಮೊದಲೇ ಒಳಗಿದ್ದವರು ಯಾರೋ ಗೊತ್ತಿಲ್ಲ, ನಾನು ಇಬ್ಬರನ್ನೂ ಒಂದೇ ಮನೆಯಲ್ಲಿ ಇರಿಸಿ ಇಬ್ಬರಿಗೂ ಬೀಗದ ಕೈ ಕೊಟ್ಟೆ. ಗೂಗಲ್ ಪಾಸ್‌ವರ್ಡ್ ಬದಲಿಸಿದರೆ ಗೂಗಲ್ ಕಡೆಯ ಬೀಗದ ಕೈ ಬದಲಾಗುತ್ತದೆ. ನಮ್ಮ ಟೇಬಲಿನ ಪಾಸ್‌ವರ್ಡ್ ಹ್ಯಾಶ್ (ಪಾಸ್‌ವರ್ಡನ್ನು ಕಲಸಿ ಇಟ್ಟ ರೂಪ) ಇದ್ದಲ್ಲೇ ಇರುತ್ತದೆ. ಹಳೆಯ ಫೋನಿನ ಸೆಷನ್ನೂ, ಅಂದರೆ ಒಮ್ಮೆ ಲಾಗಿನ್ ಆದವರನ್ನು ಒಳಗೇ ಇರಿಸುವ ಗುರುತೂ, ಜೀವಂತ. ನಮ್ಮ ಮ್ಯಾನೇಜರ್ ಪ್ರಾಮಾಣಿಕರು. ಇದೇ ದಾರಿಯಲ್ಲಿ ಕೆಟ್ಟವನೊಬ್ಬ ನಿಮ್ಮ ಇಮೇಲಿನಿಂದ ಮೊದಲೇ ಖಾತೆ ತೆರೆದು, ನೀವು ಗೂಗಲ್ ಬಟನ್ ಒತ್ತುವ ದಿನಕ್ಕಾಗಿ ಕಾಯಬಹುದು. ಭದ್ರತಾ ಸಂಶೋಧಕರಾದ ಅವಿನಾಶ್ ಸುಧೋದನನ್ ಮತ್ತು ಆಂಡ್ರೂ ಪೇವರ್ಡ್ 2022ರಲ್ಲಿ ಇದನ್ನೇ ಪರೀಕ್ಷಿಸಿ ಪ್ರಕಟಿಸಿದರು. ಅವರು ನೋಡಿದ 75 ಹೆಸರಾಂತ ಜಾಲತಾಣಗಳಲ್ಲಿ ಕನಿಷ್ಠ 35ರಲ್ಲಿ ಈ ಬಗೆಯ ಒಂದಲ್ಲ ಒಂದು ತೂತು ಇತ್ತು. ಅದನ್ನು ಮೊದಲೇ ಓದಿದ್ದರೆ ಕಾಲ್‌ಬ್ಯಾಕಿನ ಆ ನಾಲ್ಕು ಸಾಲು ಕೋಡು ಬರೆಯುತ್ತಿರಲಿಲ್ಲ.

ಹಾಗಾಗಿ "ಪಾಸ್‌ಪೋರ್ಟೋ, ಸ್ವಂತ ಕೋಡೋ" ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಪಾಸ್‌ಪೋರ್ಟಿನ ತಿರುಳು ತೀರ ಚಿಕ್ಕದು. ಒಂದೊಂದು ಬಗೆಯ ಲಾಗಿನ್ನಿಗೆ ಒಂದೊಂದು ಸ್ಟ್ರಾಟಜಿ, ಪ್ರತ್ಯೇಕ ಪ್ಯಾಕೇಜು, ಅಂಥವು 500ಕ್ಕೂ ಹೆಚ್ಚು ಇವೆ. ಬಿಡಿಬಿಡಿಯಾಗಿರುವುದೇ ಅದರ ಗುಣ, ನಾನು ಎಡವಿದ್ದೂ ಅಲ್ಲೇ. ಗೂಗಲ್ ಸ್ಟ್ರಾಟಜಿಗೆ ಲೋಕಲ್ ಸ್ಟ್ರಾಟಜಿ ಇದೆ ಎಂಬುದೇ ಗೊತ್ತಿಲ್ಲ. ಬಾಗಿಲಲ್ಲಿ ನಿಂತವರು ಗೂಗಲ್‌ನಲ್ಲಿ ಯಾರು ಎಂದಷ್ಟೇ ಅದು ಹೇಳುತ್ತದೆ. ಅವರು ನಿಮ್ಮ ಟೇಬಲಿನಲ್ಲಿ ಯಾರು ಎನ್ನುವುದನ್ನು ವೆರಿಫೈ ಕಾಲ್‌ಬ್ಯಾಕಿನಲ್ಲಿ ನೀವೇ ತೀರ್ಮಾನಿಸಬೇಕು. ಲೈಬ್ರರಿ ಬಿಟ್ಟು ಸ್ವಂತ ಬರೆದರೂ ಆ ತೀರ್ಮಾನ ನಿಮ್ಮ ತಲೆಯ ಮೇಲೇ. ಸ್ವಂತ ಬರೆದರೆ ಅದರ ಜೊತೆಗೆ ಓಆತ್‌ನ (ಗೂಗಲ್ ಲಾಗಿನ್ ನಡೆಯುವ ನಿಯಮಾವಳಿ) ಸ್ಟೇಟ್ ತಪಾಸಣೆ, ಅಂದರೆ ಮರಳಿ ಬಂದ ಉತ್ತರ ನಾವೇ ಶುರುಮಾಡಿದ ಲಾಗಿನ್ನಿನದೇ ಎಂದು ನೋಡುವುದು, ಅಂಥ ಕೆಲಸಗಳೂ ಮೈಮೇಲೆ ಬೀಳುತ್ತವೆ. ಆದ್ದರಿಂದ ಪಾಸ್‌ಪೋರ್ಟನ್ನೇ ಹಾಕಿ.

ಆದರೆ 0.6ಕ್ಕಿಂತ ಹಳೆಯದನ್ನು ಬಳಸಬೇಡಿ. 2022ರಲ್ಲಿ ಬಂದ ಆ ಆವೃತ್ತಿಯಿಂದ ಲಾಗಿನ್ ಆದಾಗ ಸೆಷನ್ ಐಡಿ ಹೊಸದಾಗುತ್ತದೆ, ಮೊದಲೇ ಯಾರೋ ನೆಟ್ಟ ಸೆಷನ್ ಐಡಿಯಿಂದ ಒಳಗೆ ನುಗ್ಗುವ ದಾರಿ ಮುಚ್ಚುತ್ತದೆ. ಲಾಗೌಟಿಗೂ ಕಾಲ್‌ಬ್ಯಾಕ್ ಕೊಡಲೇಬೇಕು. ಲಾಗಿನ್ನಿಗೆ ಮುಂಚೆ ತುಂಬಿದ ಕಾರ್ಟ್ ಖಾಲಿಯಾದರೆ ಗಾಬರಿಯಾಗಬೇಡಿ, ಸೆಷನ್ ಮಾಹಿತಿ ಉಳಿಸಿಕೊಳ್ಳುವ ಆಯ್ಕೆ ಅದರಲ್ಲೇ ಇದೆ.

ನಾನು ಆಮೇಲೆ ಮಾಡಿದ್ದು ಹೀಗೆ. ಯೂಸರ್ ಟೇಬಲಿನಿಂದ ಲಾಗಿನ್ ಮಾಹಿತಿಯನ್ನೆಲ್ಲ ಹೊರಗೆ ತೆಗೆದೆ. ಬೇರೆ ಟೇಬಲಿನಲ್ಲಿ ಒಂದೊಂದು ಬೀಗದ ಕೈಗೂ ಒಂದು ಸಾಲು: ಯಾವ ಬಗೆ, ಆ ಬಗೆಯಲ್ಲಿ ಇವರ ಐಡಿ ಏನು, ಯಾವ ಯೂಸರ್. ಗೂಗಲ್‌ನವರನ್ನು ಗುರುತಿಸುವುದು "ಸಬ್" ಎಂಬ ಐಡಿಯಿಂದ ಮಾತ್ರ. ಅದು ಬದಲಾಗುವುದಿಲ್ಲ, ಇನ್ನೊಬ್ಬರಿಗೆ ಹೋಗುವುದೂ ಇಲ್ಲ. ಇಮೇಲ್ ಬರೀ ವಿಳಾಸ. ಇಮೇಲ್ ಹೊಂದಿಕೆಯಾಗಿ, ಹಳೆಯ ಸಾಲಿನ ಇಮೇಲ್ ಖಾತ್ರಿಯಾಗದೆ ಇದ್ದರೆ ಜೋಡಿಸುವುದೇ ಇಲ್ಲ. ಖಾತ್ರಿಯಾಗಿದ್ದರೂ ಮೊದಲು ಹಳೆಯ ದಾರಿಯಲ್ಲಿ ಒಳಗೆ ಬಂದು, ಸೆಟ್ಟಿಂಗ್ಸಿನಲ್ಲಿ ತಾವೇ ಗೂಗಲ್ ಸೇರಿಸಬೇಕು. ಸೆಷನ್ನುಗಳು ಡೇಟಾಬೇಸಿನಲ್ಲಿ. ಯಜಮಾನರು ಒಂದು ಬಟನ್ ಒತ್ತಿದರೆ ಉಳಿದ ಫೋನುಗಳೆಲ್ಲ ಹೊರಗೆ. ಮೂವತ್ತು ದಿನದ ಜೆಡಬ್ಲ್ಯೂಟಿ (ಸರ್ವರ್ ಸಹಿ ಹಾಕಿ ಫೋನಿಗೆ ಕೊಡುವ ಲಾಗಿನ್ ಟೋಕನ್) ಕೊಡುವ ಯೋಚನೆಯನ್ನು ನೀವು ಬರೆದಿದ್ದೀರಲ್ಲ, ಅದನ್ನು ಕೈಬಿಡಿ. ಕೊಟ್ಟ ಟೋಕನ್ ಅವಧಿ ಮುಗಿಯುವ ತನಕ ನಡೆಯುತ್ತಲೇ ಇರುತ್ತದೆ, ಹಿಂದಕ್ಕೆ ಪಡೆಯಬೇಕೆಂದರೆ ಮತ್ತೆ ಡೇಟಾಬೇಸಿಗೇ ಬರಬೇಕು.

ಮೂರೂ ಬಗೆ ಬೇಕು ಎನ್ನುವುದನ್ನೂ ನಾನು ಒಪ್ಪುವುದಿಲ್ಲ. ಎರಡು ಸಾಕು, ಓಟಿಪಿ ಸದ್ಯಕ್ಕೆ ಬೇಡ. ಮೊಬೈಲ್ ನಂಬರ್ ಎಂದರೆ ಮನುಷ್ಯ ಎಂದು ನಂಬಬೇಡಿ. ನಮ್ಮಲ್ಲಿ ನಿಂತುಹೋದ ನಂಬರು 90 ದಿನ ಕಳೆದ ಮೇಲೆ ಬೇರೆಯವರಿಗೆ ಸಿಗಬಹುದು. ಹೋಟೆಲಿನ ಹುಡುಗರು ಊರಿಗೆ ಹೋಗಿ ಬರುವಷ್ಟರಲ್ಲಿ ಸಿಮ್ ಬದಲಿಸುತ್ತಾರೆ. ನಂಬರ್ ನೋಡಿ ಖಾತೆ ಜೋಡಿಸಿದರೆ ನನ್ನ ಇಮೇಲ್ ಕಥೆಯೇ ಮತ್ತೊಮ್ಮೆ.

ಇನ್ನೊಂದು, ನಿಮ್ಮ ಬಳಕೆದಾರರಲ್ಲಿ ಕನ್ನಡದಲ್ಲಿ ಪಾಸ್‌ವರ್ಡ್ ಹಾಕುವವರಿದ್ದರೆ ಇದನ್ನು ನೋಡಿಕೊಳ್ಳಿ. ಪಾಸ್‌ವರ್ಡನ್ನು ಹ್ಯಾಶ್ ಮಾಡುವ ಬಿಕ್ರಿಪ್ಟ್ ಮೊದಲ 72 ಬೈಟುಗಳನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತದೆ. ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟು, ಅಂದರೆ 24 ಚಿಹ್ನೆಗೆ ಮುಗಿಯಿತು. ಒಂದು "ಕ್ಷ" ಬರೆದರೇ ಕ, ಅರ್ಧಾಕ್ಷರದ ಗುರುತು, ಷ ಎಂದು ಮೂರು ಚಿಹ್ನೆ, 9 ಬೈಟು ಹೋಯಿತು. "ಕೊ" ಎಂಬುದರ ಒತ್ವವನ್ನು ಒಂದೇ ಚಿಹ್ನೆಯಾಗಿಯೂ ಎರಡಾಗಿಯೂ ಬರೆಯಬಹುದು, ನೋಡಲು ಎರಡೂ ಒಂದೇ, ಹ್ಯಾಶ್ ಮಾತ್ರ ಬೇರೆ. ಹ್ಯಾಶ್ ಮಾಡುವ ಮೊದಲು ಯೂನಿಕೋಡ್ ನಾರ್ಮಲೈಸ್ ಮಾಡಿ, ಅಂದರೆ ಇಂಥ ಎರಡು ಬರಹಗಳನ್ನು ಒಂದೇ ರೂಪಕ್ಕೆ ತನ್ನಿ.

ಗೂಗಲ್ ಬಟನ್ ಬಿಡುವ ಮೊದಲು ಇವತ್ತೇ ಡೇಟಾಬೇಸ್ ತೆರೆದು ಒಂದು ಎಣಿಕೆ ಮಾಡಿ: ಇಮೇಲ್ ಖಾತ್ರಿಯಾಗದೆ ಪಾಸ್‌ವರ್ಡ್ ಇಟ್ಟುಕೊಂಡಿರುವ ಸಾಲುಗಳೆಷ್ಟು? ನಾನು ಬಟನ್ ಬಿಟ್ಟ ಮೇಲೆ ಎಣಿಸಿದೆ. ಹಾಗೆ ಜೋಡಿಯಾಗಿ ಹೋಗಿದ್ದವು 41 ಹೋಟೆಲು. ಎರಡು ದಿನ ಕೂತು ಎಲ್ಲರಿಗೂ ನಾನೇ ಫೋನ್ ಮಾಡಿ, ನಿಮ್ಮ ಖಾತೆ ಇನ್ನು ಯಾರ ಯಾರ ಫೋನಿನಲ್ಲಿ ತೆರೆದಿದೆ ಎಂದು ಕೇಳಿದೆ. ಒಂಬತ್ತು ಮಂದಿ ಯಜಮಾನರಿಗೆ ಉತ್ತರ ಗೊತ್ತಿರಲಿಲ್ಲ. ನಿಮ್ಮಲ್ಲಿ ಎಷ್ಟು ಬಂತು ಇಲ್ಲೇ ಬರೆಯಿರಿ, ಆ ಸಾಲುಗಳನ್ನು ಹೇಗೆ ಬಿಡಿಸುವುದು ಎಂದು ಒಟ್ಟಿಗೆ ನೋಡೋಣ.