ಮಾಟಗಾತಿಯ ಪುಸ್ತಕ ಮನೆಗೆ ಬಂದರೆ?

ಪ್ರಶ್ನೆ: ನಮ್ಮದು ದಿನವೂ ಪೂಜೆ, ಸಂಜೆ ಭಜನೆ ನಡೆಯುವ ಮನೆ. ಮೂರನೆಯ ತರಗತಿಯ ಮಗಳು ಶಾಲೆಯ ಗ್ರಂಥಾಲಯದಿಂದ ಮಾಟಗಾತಿ, ಮಂತ್ರದಂಡಗಳ ಕಥೆಪುಸ್ತಕ ತಂದಿದ್ದಳು. ಅರ್ಧ ಓದಿದ್ದಾಗಲೇ ಅತ್ತೆಯವರು ಅದನ್ನು ವಾಪಸ್ ಕಳುಹಿಸಿದರು. ಏಳನೆಯ ತರಗತಿಯ ಮಗ ರಾವಣನೇ ನಾಯಕನಾಗಿರುವ ಕಾದಂಬರಿ ಹಿಡಿದು ಕುಳಿತಿದ್ದಾನೆ. ‘ರಾಮಾಯಣ, ಭಾಗವತ ಇರುವಾಗ ಈ ಕಸವೇಕೆ’ ಎನ್ನುತ್ತಾರೆ ಯಜಮಾನರು. ಮಕ್ಕಳು ಏನು ಓದಬೇಕೆಂದು ನಿರ್ಧರಿಸುವ ಹಕ್ಕು ನಮಗಿಲ್ಲವೇ?
– ಹೆಸರು ಬೇಡ, ಬಂಟ್ವಾಳ

ಉತ್ತರ: ಹಕ್ಕು ಖಂಡಿತ ಇದೆ. ಎಂಟು ವರ್ಷದ ಮಗುವಿನ ಕೈಗೆ ಯಾವ ಪುಸ್ತಕ ಕೊಡಬೇಕು ಎಂಬುದನ್ನು ಹೆತ್ತವರಲ್ಲದೆ ಬೇರೆ ಯಾರು ನಿರ್ಧರಿಸಬೇಕು? ಆದರೆ ನಿಮ್ಮ ಮನೆಯಲ್ಲಿ ಪುಸ್ತಕವನ್ನು ಯಾರೂ ಓದದೆಯೇ ತೀರ್ಪು ಕೊಟ್ಟಂತೆ ಕಾಣುತ್ತದೆ. ನನ್ನ ತಕರಾರು ಅಷ್ಟೇ.

ಭಯ ಹುಟ್ಟಿಸುವ ಕಥೆ ಬೇಡ ಎನ್ನುವುದಾದರೆ ಭಾಗವತವನ್ನೂ ಮುಚ್ಚಿಡಬೇಕಾದೀತು. ಅಲ್ಲಿ ಕಂಸ ಹಸುಗೂಸುಗಳನ್ನು ಕೊಲ್ಲುತ್ತಾನೆ, ಪೂತನಿ ಮೊಲೆಗೆ ವಿಷ ಹಚ್ಚಿಕೊಂಡು ಬರುತ್ತಾಳೆ, ನರಸಿಂಹ ಹೊಸ್ತಿಲಲ್ಲಿ ಕುಳಿತು ಹಿರಣ್ಯಕಶಿಪುವಿನ ಹೊಟ್ಟೆ ಬಗೆಯುತ್ತಾನೆ. ಹೆತ್ತವರ ಮಾತು ಮೀರುವ ಮಕ್ಕಳ ಕಥೆ ಬೇಡ ಎಂದರೆ ಮೊದಲು ಹೋಗಬೇಕಾದವನು ಪ್ರಹ್ಲಾದನೇ. ನಿಮ್ಮ ಊರ ಕಡೆಯ ಯಕ್ಷಗಾನದ ದೇವಿ ಮಹಾತ್ಮೆ ಆಟವನ್ನು ನೆನಪಿಸಿಕೊಳ್ಳಿ. ದೊಂದಿಗಳ ಬೆಳಕಿನಲ್ಲಿ, ರಾಳದ ಬೆಂಕಿ ಹಾರುತ್ತಿರುವಾಗ ಮಹಿಷಾಸುರ ಜನರ ನಡುವಿನಿಂದಲೇ ಅಬ್ಬರಿಸಿಕೊಂಡು ಬರುತ್ತಾನೆ. ನಿದ್ದೆಗಣ್ಣಿನ ಮಕ್ಕಳು ಕಿರುಚಿ ಅಮ್ಮನ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತಾರೆ, ಮರುಕ್ಷಣ ಒಂದೇ ಕಣ್ಣಿನಲ್ಲಿ ಇಣುಕುತ್ತಾರೆ. ಮರುದಿನ ಅಂಗಳದಲ್ಲಿ ಅಡಿಕೆ ಹಾಳೆ ಕಟ್ಟಿಕೊಂಡು ತಾವೇ ಮಹಿಷಾಸುರ! ಆ ಭಯವನ್ನು ಮಗು ಅರಗಿಸಿಕೊಳ್ಳುವುದು ಪಕ್ಕದಲ್ಲಿ ಅಮ್ಮ ಇದ್ದುದರಿಂದ, ಕೊನೆಗೆ ದೇವಿ ಬಂದೇ ಬರುತ್ತಾಳೆಂದು ಅದಕ್ಕೆ ಗೊತ್ತಿರುವುದರಿಂದ. ನಿಮ್ಮ ಮಗಳಿಗೆ ಆ ಪುಸ್ತಕದ ಕೊನೆ ಗೊತ್ತಿಲ್ಲ. ಮಾಟಗಾತಿ ಗೆದ್ದಳೋ ಸೋತಳೋ ತಿಳಿಯದೆ ಅರ್ಧಕ್ಕೇ ನಿಂತಿದ್ದಾಳೆ. ಉಳಿದರ್ಧವನ್ನು ಅವಳೇ ಊಹಿಸಿಕೊಳ್ಳುತ್ತಾಳೆ, ಇಲ್ಲವೇ ಗೆಳತಿಯ ಮನೆಯಲ್ಲಿ ಕದ್ದು ಓದುತ್ತಾಳೆ. ಎರಡೂ ನಿಮಗೆ ಬೇಕಿಲ್ಲ.

ಆದ್ದರಿಂದ ಅದೇ ಪುಸ್ತಕವನ್ನು ಮತ್ತೆ ತರಿಸಿ. ಮೊದಲು ನೀವು ಓದಿ, ಒಂದು ಗಂಟೆಯ ಕೆಲಸವೂ ಅಲ್ಲ. ನಿಜವಾಗಿಯೂ ಅವಳ ವಯಸ್ಸಿಗೆ ಮೀರಿದ್ದು ಎನ್ನಿಸಿದರೆ ಕಾರಣ ಹೇಳಿ ‘ಈಗ ಬೇಡ’ ಎನ್ನಿ. ಇಲ್ಲವಾದರೆ ಭಜನೆ ಮುಗಿದ ಮೇಲೆ ಅಜ್ಜಿಗೆ ಗಟ್ಟಿಯಾಗಿ ಓದಿ ಹೇಳಲು ಬಿಡಿ. ಏಳು ಸಮುದ್ರದಾಚೆ ಗಿಳಿಯೊಳಗೆ ಜೀವ ಬಚ್ಚಿಟ್ಟ ರಾಕ್ಷಸನ ಕಥೆಯನ್ನು ನಿಮ್ಮ ಅತ್ತೆಯವರೂ ಬಾಲ್ಯದಲ್ಲಿ ಕೇಳಿರುತ್ತಾರೆ. ಮಂತ್ರದಂಡ ಅವರಿಗೆ ತೀರಾ ಹೊಸತೇನಲ್ಲ. ತಮ್ಮನ್ನು ಕೇಳದೆ ಪುಸ್ತಕ ಮನೆಯೊಳಗೆ ಬಂತಲ್ಲ ಎಂಬುದೇ ಅವರ ಬೇಸರವಿರಬಹುದು ಎಂದು ನನ್ನ ಅನುಮಾನ.

ಮಗನ ವಿಷಯ ಬೇರೆ. ಹನ್ನೆರಡು ವರ್ಷದ ಹುಡುಗನ ಕೈಯಿಂದ ಪುಸ್ತಕ ಕಿತ್ತುಕೊಂಡರೆ ರಾವಣನ ಮೇಲಿನ ಪ್ರೀತಿ ಇಮ್ಮಡಿಯಾಗುತ್ತದೆ. ರಾವಣನನ್ನು ಮರುಕದಿಂದ ನೋಡುವುದು ಕನ್ನಡಕ್ಕೆ ಹೊಸದೂ ಅಲ್ಲ. ಜೈನ ಕವಿ ನಾಗಚಂದ್ರ ತನ್ನ ರಾಮಾಯಣದಲ್ಲಿ ಪಶ್ಚಾತ್ತಾಪಪಡುವ ರಾವಣನನ್ನು ತೋರಿಸಿ ಒಂಬೈನೂರು ವರ್ಷಗಳಾಗುತ್ತ ಬಂದವು. ಅಲ್ಲಿ ಅವನನ್ನು ಕೊಲ್ಲುವವನು ರಾಮನಲ್ಲ, ಲಕ್ಷ್ಮಣ. ಇದನ್ನು ಮಗನಿಗೆ ಹೇಳಿ, ಕಿವಿ ನೆಟ್ಟಗಾಗುತ್ತದೆ. ಯಜಮಾನರು ‘ಕಸ’ ಎನ್ನುವ ಬದಲು ‘ನಿನ್ನ ರಾವಣ ಸೀತೆಯನ್ನು ಏಕೆ ಹೊತ್ತೊಯ್ದ, ಹೇಳು’ ಎಂದು ಊಟದ ಹೊತ್ತಿನಲ್ಲಿ ಕೇಳಲಿ. ವಾದದಲ್ಲಿ ಒಮ್ಮೊಮ್ಮೆ ಮಗನೇ ಗೆಲ್ಲಬಹುದು, ಗೆಲ್ಲಲಿ. ತಮ್ಮ ನಂಬಿಕೆ ಏನು, ಏಕೆ ಎಂಬುದನ್ನೂ ಅಪ್ಪ ಅಲ್ಲೇ ಹೇಳಬಹುದು.

ಒಂದು ಜಾತಿಯನ್ನೋ ಮತವನ್ನೋ ಹೀಯಾಳಿಸುವ, ರಕ್ತಪಾತವನ್ನೇ ಚಪ್ಪರಿಸುವ ಪುಸ್ತಕವಾದರೆ ಮುಲಾಜಿಲ್ಲದೆ ಬೇಡ ಎನ್ನಿ. ಅದರ ಮುಖಪುಟದಲ್ಲಿ ದೇವರ ಚಿತ್ರವಿದ್ದರೂ ಸರಿಯೇ.

ಪ್ರಶ್ನೆ: ಭಾಷಣ ಸ್ಪರ್ಧೆಯಲ್ಲಿ ನನ್ನ ಹತ್ತು ವರ್ಷದ ಮಗನಿಗೆ ಕೃಷ್ಣನ ಬಾಲಲೀಲೆಯ ಪುಸ್ತಕ ಬಹುಮಾನವಾಗಿ ಬಂದಿದೆ. ನಾವು ಮುಸ್ಲಿಮರು. ಓದಿದರೆ ತಪ್ಪೇ ಎಂದು ಮಗ ಕೇಳುತ್ತಾನೆ.
– ಒಬ್ಬ ತಂದೆ, ಶಿವಮೊಗ್ಗ

ಉತ್ತರ: ಧರ್ಮದ ದೃಷ್ಟಿಯ ಉತ್ತರವನ್ನು ನೀವು ಗೌರವಿಸುವ ಹಿರಿಯರಿಂದ ಪಡೆಯಿರಿ, ಅದು ನನ್ನ ಕ್ಷೇತ್ರವಲ್ಲ. ಓದಿನ ದೃಷ್ಟಿಯಿಂದ ಹೇಳುವುದಾದರೆ, ಒಂದು ಕಥೆಯನ್ನು ತಿಳಿಯುವುದೂ ಅದನ್ನು ನಂಬುವುದೂ ಬೇರೆ ಬೇರೆ ಎಂಬುದು ಹತ್ತು ವರ್ಷದ ಹುಡುಗನಿಗೆ ಚೆನ್ನಾಗಿ ಅರ್ಥವಾಗುತ್ತದೆ. ‘ನಿನ್ನ ಬೆಂಚಿನ ಗೆಳೆಯನ ಮನೆಯವರು ಇದನ್ನು ದೇವರ ಕಥೆ ಎಂದು ನಂಬುತ್ತಾರೆ, ನಮ್ಮ ನಂಬಿಕೆ ಬೇರೆ’ ಎಂದು ನೇರವಾಗಿ ಹೇಳಿದರೆ ಸಾಕು. ಪಂಚತಂತ್ರದ ಕರಟಕ, ದಮನಕ ನರಿಗಳು 8ನೆಯ ಶತಮಾನದಲ್ಲೇ ಅರಬ್ಬಿಗೆ ಹೋಗಿ ‘ಕಲೀಲಾ, ದಿಮ್ನಾ’ ಆದವು. ಆ ಕಥೆಗಳನ್ನೂ ಜೊತೆಗೆ ಕೊಡಿ, ಎರಡು ಹೆಸರುಗಳ ನಂಟನ್ನು ಅವನೇ ಪತ್ತೆ ಹಚ್ಚುತ್ತಾನೆ. ಬಹುಮಾನದ ಪುಸ್ತಕವನ್ನು ಮಾತ್ರ ಅಟ್ಟಕ್ಕೆ ಹಾಕಬೇಡಿ. ಅದು ಅವನು ಗೆದ್ದು ತಂದದ್ದು.