ಇಲಿಗೆ ಕೊಡೋ ನ್ಯಾನೋ ಔಷಧ ನಮ್ಮ ಹಸೂಗೆ ಬರುತ್ತಾ?

ಪ್ರಶ್ನೆ: ಹೋದ ಮಳೆಗಾಲದಲ್ಲಿ ನಮ್ಮ ಜರ್ಸಿ ಕ್ರಾಸ್ ಹಸೂಗೆ ಥೈಲೇರಿಯಾ (ಉಣುಗು ಕಚ್ಚಿ ಬರೋ ಪರಾವಲಂಬಿ ಜ್ವರ) ಆಗಿ, ಬುಪಾರ್ವಾಕ್ವೋನ್ ಇಂಜೆಕ್ಷನ್ ಕೊಡಿಸಿ ಹೆಂಗೋ ಉಳಿಸ್ಕೊಂಡ್ವಿ. ಶಿವಮೊಗ್ಗದಲ್ಲಿ ವೆಟರ್ನರಿ ಓದ್ತಿರೋ ಮಗಳು, ಲ್ಯಾಬಲ್ಲಿ ಇಲಿಗಳಿಗೆ ನ್ಯಾನೋ ಕಣದಲ್ಲಿ ಔಷಧ ಕೊಟ್ಟು ಇಂಥ ಪರಾವಲಂಬಿ ಕಾಯಿಲೆ ವಾಸಿ ಮಾಡ್ತಾರೆ ಅಂತಾಳೆ. ನಮ್ಮ ಕೊಟ್ಟಿಗೆಗೂ ಬರುತ್ತಾ ಸರ್?
(ಓದುಗರು, ತೀರ್ಥಹಳ್ಳಿ ಕಡೆಯಿಂದ)

ಉತ್ತರ: ಮಗಳು ಹೇಳಿದ್ದು ನಿಜ ಮಾರಾಯ್ರೆ. ಎಷ್ಟೋ ಸಲ ಔಷಧ ಹಳೇದೇ ಇರುತ್ತೆ, ಅದನ್ನ ಕೊಬ್ಬಿನ ಸಣ್ಣ ಗುಳ್ಳೆ ಒಳಗೆ ತುಂಬಿ ಕಳಿಸ್ತಾರೆ, ಲೈಪೊಸೋಮ್ ಅಂತಾರೆ ಅದಕ್ಕೆ. 1 ಮಿಲಿಮೀಟರನ್ನ 10 ಲಕ್ಷ ಪಾಲು ಮಾಡಿದ್ರೆ ಒಂದು ಪಾಲು 1 ನ್ಯಾನೋಮೀಟರ್, ಈ ಗುಳ್ಳೆ 100ರ ಆಸುಪಾಸು ಇರುತ್ತೆ.

ಇದು ಚೆನ್ನಾಗಿ ಗೆದ್ದಿದ್ದು ಕಾಲಾ ಅಜಾರ್ ಮೇಲೆ. ಬಿಹಾರದ ಕಡೆ ಮರಳುನೊಣ ಕಚ್ಚಿ ಬರೋ ಜ್ವರ ಅದು, ಅದರ ಪರಾವಲಂಬಿ ಗುಲ್ಮ, ಲಿವರ್‌ನಲ್ಲಿರೋ ಮ್ಯಾಕ್ರೋಫೇಜ್ ಅನ್ನೋ ಜೀವಕೋಶದ ಒಳಗೇ ಅಡಗಿರುತ್ತೆ. ಆ ಕೋಶದ ಕೆಲಸವೇ ರಕ್ತದಲ್ಲಿ ಬಂದ ಹೊರಗಿನ ಕಣ ನುಂಗೋದು, ಹಂಗಾಗಿ ಗುಳ್ಳೆನೂ ನುಂಗುತ್ತೆ, ಔಷಧ ಸೀದಾ ಕಳ್ಳನ ಮನೆ ಒಳಗೇ ಇಳಿಯುತ್ತೆ! 1978ರಲ್ಲೇ ಹ್ಯಾಮ್‌ಸ್ಟರ್, ಇಲಿಗಳಲ್ಲಿ ಹಳೇ ಆಂಟಿಮನಿ ಔಷಧನ ಹಿಂಗೆ ಕೊಟ್ಟು ನೋಡಿದಾಗ ತುಂಬಾ ಕಡಿಮೆ ಡೋಸ್ ಸಾಕಾಯ್ತು. ಆಮೇಲೆ ಕಿಡ್ನಿಗೆ ಪೆಟ್ಟು ಕೊಡ್ತಿದ್ದ ಆಂಫೋಟೆರಿಸಿನ್ ಬಿ ಔಷಧಕ್ಕೂ ಇದೇ ದಾರಿ ಮಾಡಿದ್ರು, ವಾರಗಟ್ಟಲೆ ಡ್ರಿಪ್ ಹಾಕ್ಬೇಕಿದ್ದಿದ್ದು ಈಗ ಕೆಜಿಗೆ 10 ಮಿಲಿಗ್ರಾಂ ಲೆಕ್ಕದಲ್ಲಿ ಒಂದೇ ಡೋಸ್.

ನಿಮ್ಮ ಹಸೂಗೆ ಕೊಟ್ಟ ಬುಪಾರ್ವಾಕ್ವೋನ್ ಕೂಡ ನೀರಲ್ಲಿ ಸರಿಯಾಗಿ ಕರಗಲ್ಲ. ಅದನ್ನೂ ಲೈಪೊಸೋಮಲ್ಲಿ ತುಂಬಿ ಕಾಲಾ ಅಜಾರ್ ಜಾತಿ ಪರಾವಲಂಬಿ ಇರೋ ಹ್ಯಾಮ್‌ಸ್ಟರ್‌ಗಳಿಗೆ ಕೊಟ್ಟು ನೋಡಿದಾರೆ, ಸಣ್ಣ ಡೋಸಲ್ಲೇ ಗುಲ್ಮ, ಲಿವರ್‌ನಲ್ಲಿ ಪರಾವಲಂಬಿ ಕಡಿಮೆ ಆಗಿದೆ.

ಆದ್ರೆ ಥೈಲೇರಿಯಾ ಮೊದಲು ಸೇರೋದು ಲಿಂಫೋಸೈಟ್, ಮ್ಯಾಕ್ರೋಫೇಜ್ ಥರದ ಬಿಳಿ ರಕ್ತಕಣಗಳ ಒಳಗೆ, ಆಮೇಲೆ ಕೆಂಪು ರಕ್ತಕಣಕ್ಕೆ. ಇದರಲ್ಲಿ ಲಿಂಫೋಸೈಟ್, ಕೆಂಪು ರಕ್ತಕಣ ಎರಡೂ ಮ್ಯಾಕ್ರೋಫೇಜ್ ಥರ ಕಣ ನುಂಗಲ್ಲ. ಮಗಳತ್ರ ಇದನ್ನೇ ಕೇಳಿ, ಒಳ್ಳೆ ಚರ್ಚೆ ಆಗುತ್ತೆ. ಮತ್ತೆ 25 ಗ್ರಾಂ ಇಲಿ ಎಲ್ಲಿ, 350 ಕೆಜಿ ಹಸು ಎಲ್ಲಿ, ಖರ್ಚೂ ಹಂಗೇ ಏರುತ್ತೆ, ಔಷಧ ಹಾಲಲ್ಲಿ ಎಷ್ಟು ದಿನ ಉಳಿಯುತ್ತೆ ಅಂತನೂ ನೋಡ್ಬೇಕು.

ಅದು ಕೊಟ್ಟಿಗೆಗೆ ಬರೋವರೆಗೆ ಉಣುಗು ಬಿಡ್ಬೇಡಿ, ಕೊಟ್ಟಿಗೆ ಗೋಡೆ ಬಿರುಕನ್ನೆಲ್ಲ ಮುಚ್ಚಿಸಿ, ಅವು ಅಡಗೋದು ಅಲ್ಲೇ. ಜೋರು ಜ್ವರ ಬಂದು ಭುಜದ ಮುಂದಿನ ಗಂಟು ಊದಿದ್ರೆ ನಾಳೆ ನೋಡೋಣ ಅನ್ದೆ ಅವತ್ತೇ ಡಾಕ್ಟ್ರನ್ನ ಕರೀರಿ, ಬುಪಾರ್ವಾಕ್ವೋನ್ ಶುರುವಲ್ಲೇ ಕೊಟ್ರೆ ಚೆನ್ನಾಗಿ ಕೆಲಸ ಮಾಡುತ್ತೆ.