ಹೊಸ ಉತ್ಪನ್ನ ರೂಪಿಸುವವರ ಪ್ರಶ್ನೆಗಳು, ನಮ್ಮ ಉತ್ತರಗಳು

ಉತ್ಪನ್ನವೊಂದನ್ನು ರೂಪಿಸಿ ಮಾರುಕಟ್ಟೆಗೆ ತರಲು ಹೊರಟಿರುವ, ತಂದ ಮೇಲೆ ಅದನ್ನು ಸುಧಾರಿಸುತ್ತಿರುವ ಚಿಕ್ಕಮಗಳೂರು ಮತ್ತು ಹಾಸನ ಜಿಲ್ಲೆಗಳ ಓದುಗರ ಪತ್ರಗಳನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇವೆ.

ಪ್ರಶ್ನೆ: ನಾನು ಮೆಕ್ಯಾನಿಕಲ್ ಎಂಜಿನಿಯರ್. ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬಂದು, ಸಣ್ಣ ಬೆಳೆಗಾರರಿಗಾಗಿ ಕಾಫಿ ಒಣಗಿಸುವ ಯಂತ್ರವೊಂದನ್ನು ತಯಾರಿಸಿದ್ದೇನೆ. ಸೌದೆ ಒಲೆ, ಒಂದು ಫ್ಯಾನು, ತಟ್ಟೆಗಳ ಸಾಲು, ಇಷ್ಟೇ ಅದರ ರಚನೆ. ಕೆಲಸ ಶುರು ಮಾಡುವ ಮೊದಲು ಸುತ್ತಮುತ್ತಲಿನ ಬೆಳೆಗಾರರನ್ನು ಕೇಳಿದಾಗ ಎಲ್ಲರೂ ಇಂಥದ್ದೊಂದು ಬೇಕೇ ಬೇಕು ಎಂದಿದ್ದರು. ಈಗ ಯಂತ್ರ ಸಿದ್ಧವಾಗಿದೆ, ಕೊಳ್ಳುವವರಿಲ್ಲ. ಮುಂದೇನು ಮಾಡಲಿ?
– ಮೂಡಿಗೆರೆಯ ಓದುಗರು

ಉತ್ತರ: ಬೇಕೇ ಬೇಕು ಎಂದವರು ನಿಮಗೆ ಸುಳ್ಳು ಹೇಳಿಲ್ಲ. ಪರಿಚಯದ ಹುಡುಗನೊಬ್ಬ ಮನೆಗೆ ಬಂದು ಉತ್ಸಾಹದಿಂದ ವಿವರಿಸುವಾಗ ಮಲೆನಾಡಿನಲ್ಲಿ ಯಾರೂ ಬೇಡ ಎನ್ನುವುದಿಲ್ಲ. ಕಾಫಿ ಕೊಟ್ಟು, ಒಳ್ಳೆಯದಾಗಲಿ ಎಂದು ಹರಸಿ ಕಳಿಸುತ್ತಾರೆ. ಆದ್ದರಿಂದ 'ಇದು ಬೇಕೇ' ಎಂಬ ಪ್ರಶ್ನೆಗೆ ಸಿಕ್ಕ ಉತ್ತರವನ್ನು ಸಂಶೋಧನೆ ಎಂದು ಎಣಿಸಲಾಗದು. ಕೇಳಬೇಕಾದದ್ದು ಕಳೆದ ಕೊಯ್ಲಿನಲ್ಲಿ ನಡೆದದ್ದನ್ನು. ಕಣದಲ್ಲಿ ಹರವಿದ ಹಣ್ಣಿನ ಮೇಲೆ ಮಳೆ ಬಿದ್ದ ದಿನ ಅವರು ಏನು ಮಾಡಿದರು, ಟಾರ್ಪಾಲು ಹೊದಿಸಿ ಎಷ್ಟು ದಿನ ಬಿಟ್ಟರು, ಬೂಷ್ಟು ಹಿಡಿದದ್ದನ್ನು ಬೇರೆ ಮಾಡಿದರೋ ಹಾಗೆಯೇ ತುಂಬಿದರೋ, ವ್ಯಾಪಾರಿ ಐವತ್ತು ಕಿಲೋ ಮೂಟೆಗೆ ಎಷ್ಟು ಕಡಿಮೆ ಮಾಡಿದ, ಆ ನಷ್ಟ ನಿಮ್ಮ ಯಂತ್ರದ ಬೆಲೆಯಲ್ಲಿ ಎಷ್ಟನೇ ಪಾಲು ಎಂಬುದೆಲ್ಲ ತಿಳಿದ ಮೇಲೆ ಮಾತ್ರ ಯಂತ್ರಕ್ಕೆ ಜಾಗವಿದೆಯೇ ಎಂದು ಹೇಳಬಹುದು. ಅನೇಕ ಸಣ್ಣ ಬೆಳೆಗಾರರು ಒಣಗಿಸುವ ಗೋಜಿಗೇ ಹೋಗದೆ ಹಸಿ ಹಣ್ಣನ್ನು ಅಂದಂದೇ ಮಾರುತ್ತಾರೆ. ಉಳಿದವರಿಗೆ ಬಿಸಿಲು ಪುಕ್ಕಟೆ ಸಿಗುತ್ತದೆ. ಆ ವ್ಯಾಪಾರಿ ಮತ್ತು ಈ ಬಿಸಿಲು, ಇವೆರಡೂ ನಿಮ್ಮ ಯಂತ್ರದ ಪ್ರತಿಸ್ಪರ್ಧಿಗಳು; ಇವರಿಗಿಂತ ಯಾವ ದಿನ, ಯಾರಿಗೆ, ಎಷ್ಟು ಲಾಭ ಎಂಬ ಲೆಕ್ಕವನ್ನು ಮೊದಲು ಕಾಗದದ ಮೇಲೆ ಬರೆದುಕೊಳ್ಳಿ.

ಆಗ ಮಾಡದೇ ಬಿಟ್ಟ ಸಂಶೋಧನೆಯನ್ನು ಈಗಲೂ ಮಾಡಬಹುದು, ಅದಕ್ಕೆ ನಮ್ಮ ಜಿಲ್ಲೆಯ ಬೆಳೆಯ ಕ್ರಮವೇ ಅನುಕೂಲವಾಗಿದೆ. ಇಲ್ಲಿ ಬೆಳೆಯುವ ಎರಡು ಜಾತಿಯ ಕಾಫಿಗಳಲ್ಲಿ ಅರೇಬಿಕಾ ಕೊಯ್ಲು ನವೆಂಬರಿನಿಂದ ಜನವರಿಯವರೆಗೆ ನಡೆದರೆ, ಅದರ ಬೆನ್ನಿಗೇ ರೊಬಸ್ಟಾ ಹಣ್ಣಾಗುತ್ತದೆ. ಯಂತ್ರವನ್ನು ಮಾರುವ ಯೋಚನೆ ಬಿಟ್ಟು, ಅರೇಬಿಕಾ ಕೊಯ್ಲಿನಲ್ಲಿ ಎರಡು ಮೂರು ಮನೆಗಳ ಕಣದಲ್ಲಿ ಇರಿಸಿ, ಕಂಡ ದೋಷಗಳನ್ನು ತಿದ್ದಿ, ರೊಬಸ್ಟಾಕ್ಕೆ ಮತ್ತೆ ಇಳಿಸಿದರೆ ಒಂದೇ ವರ್ಷದಲ್ಲಿ ಎರಡು ಪರೀಕ್ಷೆಗಳಾಗುತ್ತವೆ. ಈ ಅವಕಾಶ ತಪ್ಪಿದರೆ ಮುಂದಿನ ಹಣ್ಣಿಗೆ ಹನ್ನೆರಡು ತಿಂಗಳು ಕಾಯಬೇಕು.

ಇಟ್ಟು ಬರಬೇಡಿ, ಮೊದಲ ರಾತ್ರಿ ಅಲ್ಲಿಯೇ ಇರಿ. ತೋಟದ ಮನೆಯ ಸಿಂಗಲ್ ಫೇಸ್ ಕರೆಂಟಿನಲ್ಲಿ ಫ್ಯಾನು ಎಷ್ಟು ವೇಗದಲ್ಲಿ ತಿರುಗುತ್ತದೆ, ಕರೆಂಟು ಹೋದಾಗ ಒಲೆಯ ಶಾಖ ತಳದ ತಟ್ಟೆಗೆ ಎಷ್ಟು ಏರುತ್ತದೆ ಎಂಬುದು ನಿಮ್ಮ ಶೆಡ್ಡಿನಲ್ಲಿ ಗೊತ್ತಾಗುವಂಥದ್ದಲ್ಲ. ಪಾರ್ಚ್‌ಮೆಂಟ್ ಕಾಳಿನ, ಅಂದರೆ ಹಣ್ಣಿನ ಸಿಪ್ಪೆ ತೆಗೆದ, ಒಳಪೊರೆ ಉಳಿದಿರುವ ಕಾಳಿನ ಬಿಸಿ ಸುಮಾರು 40 ಡಿಗ್ರಿ ಸೆಲ್ಸಿಯಸ್ ದಾಟಿದರೆ ಗುಣ ಕೆಡುತ್ತದೆ, ಹೊಗೆ ತಾಗಿದರೆ ಕುಡಿಯುವ ಕಾಫಿಯಲ್ಲಿ ಅದರ ವಾಸನೆ ಉಳಿಯುತ್ತದೆ. ಬೆಳೆಗಾರರು ಕಾಳನ್ನು ಕಚ್ಚಿ ನೋಡಿ, ಅಳತೆ ಡಬ್ಬದಲ್ಲಿ ತುಂಬಿ ತೂಗಿ, ತೂಕ ಇಳಿಯುವುದು ನಿಂತ ಮೇಲೆ ಒಣಗಿತು ಎಂದು ತೀರ್ಮಾನಿಸುತ್ತಾರೆ. ನೀವು ತೇವಾಂಶ ಮಾಪಕದಲ್ಲಿ ಶೇಕಡಾ 10ಕ್ಕೆ ಬಂದದ್ದನ್ನು ತೋರಿಸಿದರೂ ಅವರು ನಂಬುವುದು ಆ ತೂಕವನ್ನೇ. ಎರಡನ್ನೂ ಅವರ ಎದುರಿಗೇ ಹೋಲಿಸಿ, ದಿನವಾರು ಬರೆದಿಡಿ. ಕೊಯ್ಲು ಮುಗಿದ ಮೇಲೆ ಯಾರಾದರೂ ಅದೇ ತಟ್ಟೆಯಲ್ಲಿ ಮೆಣಸು ಹರವಿಯೇ ಹರವುತ್ತಾರೆ. ಬೇಡವೆಂದು ಕೈಪಿಡಿಯಲ್ಲಿ ಅಚ್ಚು ಹಾಕಿಸಿ ಪ್ರಯೋಜನವಿಲ್ಲ; ಕಾಫಿ ಪಕ್ಕದ ವಾಸನೆಯನ್ನು ಬಹುಬೇಗ ಹೀರಿಕೊಳ್ಳುವುದರಿಂದ, ತಟ್ಟೆಗಳು ಕಳಚಿ ತೊಳೆಯಲು ಬರುವಂತಿರಬೇಕು. ಆ ಎರಡನೇ ಬಳಕೆ ಗಟ್ಟಿಯಾದರೆ ಯಂತ್ರ ವರ್ಷದಲ್ಲಿ ಹೆಚ್ಚು ತಿಂಗಳು ದುಡಿಯುತ್ತದೆ, ನಿಮ್ಮ ಬೆಲೆಯನ್ನು ಸಮರ್ಥಿಸಿಕೊಳ್ಳಲು ಅದಕ್ಕಿಂತ ಬಲವಾದ ಕಾರಣ ನನಗೆ ಕಾಣದು.

ಪ್ರಶ್ನೆ: ಅಡಿಕೆ ಮರಕ್ಕೆ ಔಷಧಿ ಹೊಡೆಯುವ ಹೊಸ ಬಗೆಯ ದೋಟಿಯನ್ನು ರೂಪಿಸಿದ್ದೇನೆ. ಪೇಟೆಂಟ್ ಮೊದಲೋ, ಮಾರಾಟ ಮೊದಲೋ?
– ಕೊಪ್ಪದ ಓದುಗರು

ಉತ್ತರ: ಅರ್ಜಿ ಮೊದಲು. 1970ರ ಪೇಟೆಂಟ್ ಕಾಯ್ದೆಯ ಪ್ರಕಾರ ಆವಿಷ್ಕಾರ ಹೊಸದಾಗಿರಬೇಕು. ನೀವೇ ಅದನ್ನು ಮೊದಲು ಮಾರಿದರೆ ಅಥವಾ ಎಲ್ಲರಿಗೂ ತೋರಿಸಿದರೆ ಆ ಹೊಸತನಕ್ಕೆ ಕುಂದು ಬರುತ್ತದೆ. ರೂಪ ಇನ್ನೂ ಪೂರ್ತಿಯಾಗಿಲ್ಲವಾದರೆ ತಾತ್ಕಾಲಿಕ ವಿವರಣೆಯೊಂದಿಗೆ ಅರ್ಜಿ ಹಾಕಿ, 12 ತಿಂಗಳೊಳಗೆ ಪೂರ್ಣ ವಿವರಣೆ ಸಲ್ಲಿಸಲು ಅವಕಾಶವಿದೆ. ಆ ಅವಧಿಯನ್ನು ತೋಟದ ಪರೀಕ್ಷೆಗೆ ಬಳಸಿಕೊಳ್ಳಿ. ಮೂಡಿಗೆರೆಯ ಓದುಗರಿಗೂ ಈ ಮಾತು ಅನ್ವಯಿಸುತ್ತದೆ.

ಪ್ರಶ್ನೆ: ನಾವು ಸ್ವಸಹಾಯ ಸಂಘದ ಮಹಿಳೆಯರು. ನಮ್ಮ ಫಿಲ್ಟರ್ ಕಾಫಿ ಡಿಕಾಕ್ಷನ್ನನ್ನು ಊರಿನ ಗೃಹಪ್ರವೇಶ, ನಾಮಕರಣಗಳಿಗೆ ಕೊಡುತ್ತಿದ್ದು, ಎಲ್ಲರೂ ಮೆಚ್ಚಿದ್ದಾರೆ. ಅದನ್ನೇ ಬಾಟಲಿಗೆ ತುಂಬಿ ಅಂಗಡಿಗಳಿಗೆ ಕೊಡಬೇಕೆಂದಿದ್ದೇವೆ. ಲೇಬಲ್ಲು, ಹೆಸರು ಎಲ್ಲ ಆಯಿತು. ಇನ್ನೇನು ಬೇಕು?
– ಹಾಸನದ ಓದುಗರು

ಉತ್ತರ: ಅಕ್ಕಂದಿರೇ, ಲೇಬಲ್ಲು ಅಚ್ಚಿಗೆ ಹೋಗಿಲ್ಲವಾದರೆ ದಯವಿಟ್ಟು ತಡೆಯಿರಿ. ಸಮಾರಂಭಕ್ಕೆ ಬೆಳಿಗ್ಗೆ ಇಳಿಸಿ ಮಧ್ಯಾಹ್ನದೊಳಗೆ ಮುಗಿಯುವ ಡಿಕಾಕ್ಷನ್ನಿಗೂ, ಮುಚ್ಚಿದ ಬಾಟಲಿಯಲ್ಲಿ ವಾರಗಟ್ಟಲೆ ಕೂರುವ ಡಿಕಾಕ್ಷನ್ನಿಗೂ ಬಹಳ ವ್ಯತ್ಯಾಸವಿದೆ. ಕಾಫಿಯ ಹುಳಿಯಂಶ ಕಡಿಮೆ. ಹುಳಿಯ ಅಳತೆಯಾದ ಪಿಎಚ್ (ಅಂಕಿ ಹೆಚ್ಚಿದಷ್ಟೂ ಹುಳಿ ಕಡಿಮೆ) ಅದರಲ್ಲಿ ಸಾಮಾನ್ಯವಾಗಿ 5ರ ಆಸುಪಾಸಿನಲ್ಲಿರುತ್ತದೆ. ಪಿಎಚ್ 4.6ಕ್ಕಿಂತ ಮೇಲಿರುವ ಪಾನೀಯವನ್ನು ಗಾಳಿಯಾಡದಂತೆ ಮುಚ್ಚಿ ಹೊರಗಿಟ್ಟರೆ ಕ್ಲಾಸ್ಟ್ರಿಡಿಯಮ್ ಬಾಟುಲಿನಮ್ ಎಂಬ ಬ್ಯಾಕ್ಟೀರಿಯಾ ಬೆಳೆದು ಪ್ರಾಣಾಪಾಯದ ವಿಷ ಉತ್ಪಾದಿಸುವ ಸಾಧ್ಯತೆ ಇದೆ, ಮತ್ತು ಬಣ್ಣ, ವಾಸನೆ, ರುಚಿಗಳಲ್ಲಿ ಅದರ ಸುಳಿವು ಸಿಗದೇ ಹೋಗಬಹುದು. ಇದರ ಬೀಜಕಣಗಳು ಬರಿಯ ಕುದಿತಕ್ಕೆ ಸಾಯುವುದಿಲ್ಲ. ಅದಕ್ಕೆ ಒತ್ತಡದಲ್ಲಿ 121 ಡಿಗ್ರಿ ಶಾಖ ಬೇಕು, ಆ ಶಾಖಕ್ಕೆ ನೀವು ಹೆಸರು ಗಳಿಸಿದ ರುಚಿಯೇ ಬದಲಾಗುತ್ತದೆ. ಉಳಿದ ದಾರಿ ತಣ್ಣಗಿಟ್ಟು ಮಾರುವುದು. ಆಗ ಎಷ್ಟು ದಿನ ಸುರಕ್ಷಿತ ಎಂಬುದನ್ನು ಪ್ರಯೋಗಾಲಯದ ಪರೀಕ್ಷೆಯಿಂದಲೇ ನಿರ್ಧರಿಸಬೇಕು, ಸಾಗಣೆಯಿಂದ ಅಂಗಡಿಯವರೆಗೆ ಎಲ್ಲಿಯೂ ತಂಪು ತಪ್ಪಬಾರದು. ಮೈಸೂರಿನ ಸಿಎಫ್‌ಟಿಆರ್‌ಐ 1950ರಿಂದ ಆಹಾರ ತಂತ್ರಜ್ಞಾನದಲ್ಲಿಯೇ ದುಡಿಯುತ್ತಿರುವ ಸಂಸ್ಥೆ, ಹಾಸನಕ್ಕೆ ದೂರವೂ ಅಲ್ಲ. ಬಾಟಲಿ ಕೊಳ್ಳುವ ಮೊದಲು ಅಲ್ಲಿ ವಿಚಾರಿಸಿ.

ನನ್ನನ್ನು ಕೇಳಿದರೆ ಮೊದಲ ವರ್ಷ ಪುಡಿಯನ್ನೇ ಮಾರಿ ಎನ್ನುತ್ತೇನೆ. ಜನ ಮೆಚ್ಚಿದ ರುಚಿ ನಿಮ್ಮ ಹುರಿತ ಮತ್ತು ಬೆರಕೆಯಲ್ಲಿದೆ, ಅದು ಪುಡಿಯಲ್ಲಿಯೂ ಉಳಿಯುತ್ತದೆ. ಚಿಕೋರಿ ಬೆರೆಸುವುದಾದರೆ ಕಾಫಿಯ ಪ್ರಮಾಣ ಶೇಕಡಾ 51ಕ್ಕಿಂತ ಕಡಿಮೆ ಇರಕೂಡದು, ಎರಡರ ಪ್ರಮಾಣವನ್ನೂ ಪೊಟ್ಟಣದ ಮೇಲೆ ನಮೂದಿಸಬೇಕು. ಆಹಾರ ಸುರಕ್ಷತಾ ನೋಂದಣಿಯಂತೂ ಆಗಲೇಬೇಕು. ಹುರಿದ ಕಾಫಿಯಿಂದ ದಿನಗಟ್ಟಲೆ ಇಂಗಾಲದ ಡೈಆಕ್ಸೈಡ್ ಹೊರಬರುವ ಕಾರಣ, ಹುರಿದ ತಕ್ಷಣ ಬಿಗಿಯಾಗಿ ಮುಚ್ಚಿದ ಪೊಟ್ಟಣ ಉಬ್ಬಿ ಸೀಲು ಬಿಡುತ್ತದೆ. ಒಂದೇ ದಿಕ್ಕಿನ ವಾಲ್ವ್ ಇರುವ ಪೌಚ್ ಬಳಸಿ, ಇಲ್ಲವೇ ಅನಿಲ ಇಳಿಯುವವರೆಗೆ ಕಾಯಿರಿ. ಪ್ರತಿ ಪೊಟ್ಟಣಕ್ಕೂ ಬ್ಯಾಚ್ ಸಂಖ್ಯೆ ಹಾಕಿ, ಆ ಬ್ಯಾಚಿನ ಬೀಜ ಎಲ್ಲಿಂದ ಬಂತು, ಯಾರು ಹುರಿದರು, ಎಷ್ಟು ಹೊತ್ತು ಹುರಿದರು ಎಂಬುದನ್ನು ಪುಸ್ತಕದಲ್ಲಿ ಬರೆಯಿರಿ. ಅಂಗಡಿಯವರು ಈ ಸಲ ಕಹಿ ಎಂದು ಫೋನ್ ಮಾಡಿದ ದಿನ ಆ ಪುಟ ತೆರೆದರೆ ಉತ್ತರ ಸಿಗುತ್ತದೆ. ಪುಟವಿಲ್ಲದಿದ್ದರೆ ಸಂಘದಲ್ಲಿ ಒಬ್ಬರ ಮೇಲೊಬ್ಬರು ದೂರು ಹೇಳುವುದಷ್ಟೇ ಉಳಿಯುತ್ತದೆ.

ಪ್ರಶ್ನೆ: ತೋಟದ ಕೂಲಿ ಹಾಜರಿ ಮತ್ತು ಕೊಯ್ಲಿನ ತೂಕ ಬರೆಯುವ ಮೊಬೈಲ್ ಆ್ಯಪ್ ನಮ್ಮದು. ಚೆನ್ನಾಗಿ ನಡೆಯುತ್ತಿದೆ. ಇನ್ನು ಸುಧಾರಣೆಗೆ ಹಣ ಸುರಿಯುವುದು ಬೇಡ ಎಂದು ನನ್ನ ಪಾಲುದಾರರು ಹೇಳುತ್ತಾರೆ. ಕೇಳಿದವರಿಗೆಲ್ಲ ಹೊಸ ಸೌಲಭ್ಯ ಕೊಡಬೇಕು ಎಂಬುದು ನನ್ನ ಅಭಿಪ್ರಾಯ. ಯಾರದು ಸರಿ?
– ಸಕಲೇಶಪುರದ ಓದುಗರು

ಉತ್ತರ: ಪಾಲುದಾರರ ಮಾತಿಗೆ ಕಾಫಿ ಗಿಡವೇ ಉತ್ತರ ಕೊಡುತ್ತದೆ. ಬಾಳೆಹೊನ್ನೂರಿನ ಬಳಿ 1925ರಲ್ಲಿ ಆರಂಭವಾದ ಸಂಶೋಧನಾ ಕೇಂದ್ರದಿಂದ 1940ರ ದಶಕದಲ್ಲಿ ಹೊರಬಂದ ಎಸ್.795 ತಳಿ ಎಲೆ ತುಕ್ಕು ರೋಗವನ್ನು ತಡೆದುಕೊಂಡು ಬೆಳೆಗಾರರ ಮನೆಮಾತಾಯಿತು. ಆದರೆ ರೋಗದ ಶಿಲೀಂಧ್ರದಲ್ಲಿ ಹೊಸ ಬಗೆಗಳು ಹುಟ್ಟುತ್ತ ಹೋದಂತೆ ಆ ತಡೆ ಸಡಿಲವಾಯಿತು. ಕೇಂದ್ರ ಸಂಶೋಧನೆ ನಿಲ್ಲಿಸಲಿಲ್ಲ, 2007ರಲ್ಲಿ ಚಂದ್ರಗಿರಿ ತಳಿಯನ್ನು ಬಿಡುಗಡೆ ಮಾಡಿತು. ನಿಮ್ಮ ಆ್ಯಪಿನಲ್ಲಿ ಒಂದಕ್ಷರ ಬದಲಾಗದಿದ್ದರೂ ಫೋನುಗಳು, ಕೂಲಿ ದರ, ಕೆಲಸಕ್ಕೆ ಬರುವ ಜನ ಎಲ್ಲವೂ ಬದಲಾಗುತ್ತಿರುತ್ತವೆ. ಕೈಕಟ್ಟಿ ಕುಳಿತರೆ ಅದು ತಾನಾಗಿಯೇ ಹಳತಾಗುತ್ತದೆ.

ಹಾಗೆಂದು ಕೇಳಿದ್ದನ್ನೆಲ್ಲ ಸೇರಿಸುವ ನಿಮ್ಮ ದಾರಿಯನ್ನೂ ನಾನು ಒಪ್ಪಲಾರೆ. ಸಂಜೆ ತೂಕದ ಹೊತ್ತಿಗೆ ಹೋಗಿ, ತೋಟದ ಲೆಕ್ಕ ಬರೆಯುವ ರೈಟರ್ ಪಕ್ಕದಲ್ಲಿ ನಿಂತು ನೋಡಿ. ಬೆಳಕು ಇಳಿಯುತ್ತಿರುತ್ತದೆ, ಬೆರಳಿಗೆ ಹಣ್ಣಿನ ಅಂಟು ಹತ್ತಿರುತ್ತದೆ, ನೆಟ್‌ವರ್ಕ್ ಇರುವುದಿಲ್ಲ, ಮೂಟೆ ಇಳಿಸಿದ ಹೆಂಗಸರು ತಮ್ಮ ಕಿಲೋ ಸರಿಯಾಗಿ ದಾಖಲಾಯಿತೇ ಎಂದು ಪರದೆಯನ್ನೇ ನೋಡುತ್ತಿರುತ್ತಾರೆ. ಮಾಲೀಕರು ಕೇಳುವ ಬಣ್ಣದ ಗ್ರಾಫುಗಳಿಗಿಂತ, ಅಂಕಿ ದೊಡ್ಡದಾಗಿ ಕಾಣುವುದು, ನೆಟ್‌ವರ್ಕ್ ಇಲ್ಲದೆಯೂ ದಾಖಲಾಗುವುದು, ತಪ್ಪು ತೂಕವನ್ನು ಎಲ್ಲರ ಎದುರಿಗೇ ತಿದ್ದಿ ತಿದ್ದಿದ ಗುರುತು ಉಳಿಯುವುದು ಮುಖ್ಯ. ಅಲ್ಲಿ ಒಂದು ಕಿಲೋ ತಪ್ಪಿದರೆ ಹೋಗುವುದು ಒಬ್ಬರ ದಿನಗೂಲಿಯ ಭಾಗ. ಬಂದ ಬೇಡಿಕೆಗಳನ್ನೆಲ್ಲ ಬರೆದಿಟ್ಟು, ಬಳಸುವವರ ಬೇಡಿಕೆ ಮತ್ತು ಹಣ ಕೊಡುವವರ ಬೇಡಿಕೆ ಎಂದು ಬೇರ್ಪಡಿಸಿ, ಒಂದು ಬಾರಿಗೆ ಒಂದೇ ಬದಲಾವಣೆ ಮಾಡಿ. ಹಲವನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ತೊಂದರೆಯಾಯಿತೆಂದು ಕಂಡುಹಿಡಿಯಲಾಗದು. ಯಾರೂ ಮುಟ್ಟದ ಗುಂಡಿಗಳನ್ನು ತೆಗೆದುಹಾಕುವುದೂ ಸುಧಾರಣೆಯೇ. ಹೊಸ ಆವೃತ್ತಿಯನ್ನು ಮಳೆಗಾಲದಲ್ಲಿ, ಬರಿಯ ದಿನಗೂಲಿ ಹಾಜರಿ ಇರುವಾಗ, ಕೆಲವೇ ತೋಟಗಳಿಗೆ ಕೊಟ್ಟು ನೋಡಿ. ಅಕ್ಟೋಬರ್ ಹೊತ್ತಿಗೆ ಎಲ್ಲರಿಗೂ ತಲುಪಿಸಿ, ನವೆಂಬರಿನಿಂದ ಮಾರ್ಚ್ ಕೊನೆಯವರೆಗೆ ತೀರಾ ಅಗತ್ಯದ ದೋಷ ನಿವಾರಣೆ ಬಿಟ್ಟು ಬೇರೆ ಯಾವ ಬದಲಾವಣೆಯನ್ನೂ ಕಳಿಸಬೇಡಿ.